ಹಳೇ ಎಫ್‌ಸಿ ಪೆಟ್ರೋಲ್ ಗಾಡಿ: ಪ್ಲಗ್ ವೈರ್ ಹೊಸದು, ಆದ್ರೂ ಏರಿನಲ್ಲಿ ಮಿಸ್ಸಿಂಗ್

ತೊಗರಿ_ಗಾಡಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಮಹೀಂದ್ರಾ ಎಫ್‌ಸಿ-150 ಇದೆ, ಇಂಜಿನ್ ಮೇಲೇ ಕ್ಯಾಬಿನ್ ಇರುವ ಸಣ್ಣ ಲಾರಿ. ಪೆಟ್ರೋಲ್ ಗಾಡಿ. ಜೀಪಿನ ಅದೇ ನಾಲ್ಕು ಸಿಲಿಂಡರಿನ ಹರಿಕೇನ್ ಇಂಜಿನ್, 2.2 ಲೀಟರ್. ಸುಗ್ಗಿಯಲ್ಲಿ ತೊಗರಿ ಚೀಲ ಹಾಕಿಕೊಂಡು ನೆಹರು ಗಂಜ್‌ಗೆ ಹೋಗಿ ಬರ್ತೀವಿ. ಉಳಿದ ದಿನ ಹೊಲದ ಕೆಲಸ, ನೀರಿನ ಡ್ರಮ್ಮು.

ತೊಂದರೆ ಇಷ್ಟು. ನಿಂತಲ್ಲಿ ಇಂಜಿನ್ ಚೆನ್ನಾಗಿ ಓಡುತ್ತದೆ. ಖಾಲಿ ಗಾಡಿಯೂ ಪರವಾಗಿಲ್ಲ. ಲೋಡ್ ಹಾಕಿ ಕಮಲಾಪುರದ ಕಡೆ ಏರು ಹತ್ತಿಸಿದರೆ ಮಿಸ್ಸಿಂಗ್ ಶುರು, ಅಂದರೆ ಇಂಜಿನ್ ನಡುನಡುವೆ ಹೊಡೆತ ತಪ್ಪುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ಕಾರ್ಬೊರೇಟರ್ ಬಾಯಲ್ಲಿ ಆಗಾಗ ಫಟ್ ಅಂತ ಹೊಡೆಯುತ್ತದೆ.

ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ನಾಲ್ಕೂ ಪ್ಲಗ್ ವೈರ್ ಹೊಸದು ಹಾಕಿದರು, ಪ್ಲಗ್ ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಭಾಗ) ತಿರುಗಿಸಿ ಕಿವಿಯಿಂದಲೇ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಇಟ್ಟರು. ಬಿಲ್ ದೊಡ್ಡದಾಯ್ತು, ರೋಗ ಹಾಗೇ ಉಳಿಯಿತು. ಮೇಲಾಗಿ ಈಗ ಬಿಸಿ ಇದ್ದಾಗ ಸ್ಟಾರ್ಟ್ ಮಾಡಿದರೆ ಸ್ಟಾರ್ಟರಿಗೆ ಹಿಂದಕ್ಕೆ ಒದ್ದಂತೆ ಆಗುತ್ತದೆ. ಎಲ್ಲಿಂದ ಶುರು ಮಾಡಲಿ?

ಹೈವೇ65 (ಹುಮನಾಬಾದ್)

ಡೀಸೆಲ್ ಇಂಜಿನ್ ಕೂರಿಸಿ ಮುಗಿಸ್ರಿ. ನಮ್ಮ ಕಡೆ ಎಷ್ಟೋ ಎಫ್‌ಸಿ ಹಾಗೇ ಓಡಿವೆ. ಪ್ಲಗ್ಗೂ ಇಲ್ಲ, ವೈರೂ ಇಲ್ಲ.

ಪಾಯಿಂಟ್_ಗ್ಯಾಪ್ (ಕಲಬುರಗಿ)

ಕೇಳಿದ್ದು ಅದಲ್ಲ ಸರ. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಅದು ಬೇರೆ ಪುರಾಣ. ಆ ಇಂಜಿನ್ ಸಾಧು ಇಂಜಿನ್, ಸಣ್ಣದಕ್ಕೆಲ್ಲ ಕೆಡುವುದಿಲ್ಲ.

ತೊಗರಿ_ಗಾಡಿ ಅವರೇ, ಗ್ಯಾರೇಜಿನವರು ನಾಲ್ಕು ಕೆಲಸ ಒಟ್ಟಿಗೆ ಮಾಡಿದ್ದಾರೆ. ಅದಕ್ಕೇ ಯಾವುದರಿಂದ ಏನಾಯ್ತು ಅಂತ ಯಾರಿಗೂ ಗೊತ್ತಾಗುತ್ತಿಲ್ಲ. ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಮುಟ್ಟಿ. ಅದಕ್ಕೂ ಮೊದಲು ಇಷ್ಟು ಹೇಳಿ: ನಾಲ್ಕು ವೈರ್ ಹೊಸದು ಅಂದ್ರಿ, ಕಾಯಿಲಿನಿಂದ (ಬ್ಯಾಟರಿ ಕರೆಂಟಿನ ವೋಲ್ಟೇಜ್ ಏರಿಸುವ ಭಾಗ) ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬರುವ ಐದನೇ ವೈರ್ ಬದಲಿಸಿದ್ದಾರಾ? ಹೊಸ ವೈರ್ ಒಳಗೆ ತಾಮ್ರವೋ ಕಾರ್ಬನ್ನೋ? ವೈರ್‌ಗಳು ಯಾವ ದಾರಿಯಲ್ಲಿ ಹೋಗಿವೆ, ಒಂದು ಫೋಟೋ ಹಾಕಿ. ಮಲ್ಟಿಮೀಟರ್ ಇದ್ದರೆ ಪ್ರತಿ ವೈರಿನ ಓಮ್ ಅಳೆದು ಬರೆಯಿರಿ. ಅಳೆಯುವಾಗ ವೈರನ್ನು ಸ್ವಲ್ಪ ಬಗ್ಗಿಸಿ ಅಲ್ಲಾಡಿಸಿ ನೋಡಿ.

ಶಹಾಪುರ_ಹತ್ತಿ (ಯಾದಗಿರಿ ಜಿಲ್ಲೆ)

ನನಗೆ ಪೆಟ್ರೋಲ್ ಮೇಲೆ ಅನುಮಾನ. ಈಗ ಬಂಕಿನಲ್ಲಿ ಬರೋದು ಇ20, ಅಂದರೆ 20 ಪರ್ಸೆಂಟ್ ಎಥನಾಲ್. ಎಥನಾಲಿನಲ್ಲಿ ಆಮ್ಲಜನಕ ಸೇರಿಯೇ ಇರುತ್ತದೆ. ಹಳೇ ಜೆಟ್ ಇರುವ ಕಾರ್ಬೊರೇಟರಿಗೆ ಮಿಶ್ರಣ ತೆಳುವಾಗುತ್ತದೆ. ತೆಳುವಾದರೆ ಕಾರ್ಬೊರೇಟರಿನಲ್ಲಿ ಫಟ್ ಅನ್ನೋದು ಸಹಜ. ಫ್ಯೂಯಲ್ ಪಂಪಿನ ಡಯಾಫ್ರಾಮ್ ಹಳೇ ರಬ್ಬರಿನದ್ದಾದರೆ ಅದೂ ಸೆಟೆದುಕೊಂಡಿರಬಹುದು.

ತೊಗರಿ_ಗಾಡಿ

ಫೋಟೋ ಹಾಕಿದ್ದೇನೆ. ನಾಲ್ಕೂ ವೈರನ್ನು ಒಂದು ಕಪ್ಪು ಸ್ಪೈರಲ್ ಪೈಪಿನೊಳಗೆ ಸೇರಿಸಿ, ಟ್ಯಾಗ್ ಹಾಕಿ ಬಿಗಿದಿದ್ದಾರೆ. ನೋಡೋಕೆ ನೀಟಾಗಿದೆ.

ಮೀಟರ್ ಲೆಕ್ಕ: ನಾಲ್ಕು ಹೊಸ ವೈರ್ ಹೆಚ್ಚೂಕಡಿಮೆ ಸೊನ್ನೆ ಓಮ್. ತಾಮ್ರ ಅನಿಸುತ್ತದೆ. ಕಾಯಿಲಿನ ವೈರ್ ಹಳೆಯದೇ, ಮುಟ್ಟಿಲ್ಲ. ಅದು ಸುಮ್ನೆ ಇಟ್ಟಾಗ ಹತ್ತು ಸಾವಿರ ಓಮ್ ಹತ್ತಿರ ತೋರಿಸಿತು. ಬಗ್ಗಿಸಿದ ಕೂಡಲೇ ನಲವತ್ತು ಸಾವಿರ ದಾಟಿತು, ಒಮ್ಮೊಮ್ಮೆ ಮೀಟರ್ ಏನೂ ತೋರಿಸಲೇ ಇಲ್ಲ.

ಪಾಯಿಂಟ್_ಗ್ಯಾಪ್

ಸಿಕ್ಕಿತು ನೋಡಿ, ಒಂದಲ್ಲ ಎರಡು.

ಮೊದಲು ಕಾಯಿಲ್ ವೈರ್. ನಾಲ್ಕೂ ಸಿಲಿಂಡರಿನ ಕರೆಂಟು ಆ ಒಂದೇ ವೈರ್ ಮೂಲಕ ಹೋಗಬೇಕು. ಅದನ್ನು ಬಿಟ್ಟು ಉಳಿದ ನಾಲ್ಕನ್ನು ಬದಲಿಸುವುದು ತುಂಬಾ ಕಡೆ ನಡೆಯುತ್ತದೆ. ಕಾರ್ಬನ್ ವೈರಿಗೆ ಅಡಿಗೆ ಕೆಲವು ಸಾವಿರ ಓಮ್ ಇರುವುದು ಸರಿಯೇ, ಅದು ತಪ್ಪಲ್ಲ. ಬಗ್ಗಿಸಿದಾಗ ಏರಿಳಿದರೆ ಒಳಗಿನ ಎಳೆ ತುಂಡಾಗಿದೆ ಅಂತ ಅರ್ಥ. ಎಫ್‌ಸಿಯಲ್ಲಿ ಇಂಜಿನ್ ಇರುವುದೇ ಕ್ಯಾಬಿನ್ ಒಳಗೆ, ಡಬ್ಬಿ ಕೆಳಗೆ. ಮೇ ತಿಂಗಳಲ್ಲಿ ನಮ್ಮೂರಲ್ಲಿ ಹೊರಗೇ 42 ಡಿಗ್ರಿ ದಾಟುತ್ತದೆ. ಆ ಡಬ್ಬಿಯೊಳಗೆ ವೈರ್ ಬೆಂದು ಹಪ್ಪಳ ಆಗುತ್ತದೆ.

ಎರಡನೆಯದು ನೀಟಾಗಿದೆ ಅಂದ್ರಲ್ಲ, ಆ ಕಟ್ಟು. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊಡೆಯುವ ಸರದಿ, 1-3-4-2. ಅಂದರೆ 3 ಆದ ಕೂಡಲೇ 4, 2 ಆದ ಕೂಡಲೇ 1. ಎರಡೂ ಪಕ್ಕಪಕ್ಕದ ಸಿಲಿಂಡರ್. 3ನೇ ಪ್ಲಗ್ ಹೊಡೆಯುವ ಹೊತ್ತಿಗೆ 4ನೇ ಸಿಲಿಂಡರ್ ಪೆಟ್ರೋಲ್ ಗಾಳಿ ಎಳೆದುಕೊಂಡು ತುಂಬಿರುತ್ತದೆ, ಅದರ ಇನ್‌ಟೇಕ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. 3ರ ವೈರೂ 4ರ ವೈರೂ ಉದ್ದಕ್ಕೂ ಅಂಟಿಕೊಂಡೇ ಹೋದರೆ ಒಂದರ ಕರೆಂಟು ಇನ್ನೊಂದಕ್ಕೆ ಹಾರುತ್ತದೆ. 4ರಲ್ಲಿ ಒತ್ತಡ ಇನ್ನೂ ಕಡಿಮೆ, ಹಾಗಾಗಿ ಅಲ್ಲಿ ಕಿಡಿ ಹಾರುವುದು ಸುಲಭ. ವಾಲ್ವ್ ತೆರೆದಿರುವಾಗ ಬೆಂಕಿ ಹೊತ್ತಿದರೆ ಅದು ಹೋಗುವುದೆಲ್ಲಿಗೆ? ಹಿಂದಕ್ಕೆ, ಕಾರ್ಬೊರೇಟರ್ ಕಡೆಗೆ. ನಿಮ್ಮ ಫಟ್ ಅದೇ ಇರಬೇಕು.

ನಿಂತಾಗ ಯಾಕೆ ಬರಲ್ಲ ಅಂತ ಕೇಳ್ತೀರಿ. ಐಡಲಿನಲ್ಲಿ ಸಿಲಿಂಡರ್ ಒಳಗೆ ಗಾಳಿ ಕಡಿಮೆ, ಒತ್ತಡ ಕಡಿಮೆ, ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರ್ ತುಂಬುತ್ತದೆ, ಪ್ಲಗ್ ಗ್ಯಾಪ್ ದಾಟಲು ವೋಲ್ಟೇಜ್ ಜಾಸ್ತಿ ಬೇಕು. ಆಗ ಕರೆಂಟು ಸುಲಭದ ದಾರಿ ಹುಡುಕುತ್ತದೆ. ಇನ್ಸುಲೇಷನ್ ಎಲ್ಲಿ ಸೋತಿದೆಯೋ ಅಲ್ಲಿಂದ ಹೊರಗೆ.

ಶಹಾಪುರ_ಹತ್ತಿ ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಸುಲಭದ ಪರೀಕ್ಷೆ ಇದೆ. ಏರಿನಲ್ಲಿ ಮಿಸ್ಸಿಂಗ್ ಬಂದಾಗ ಚೋಕನ್ನು ಕಾಲುಭಾಗ ಎಳೆಯಿರಿ. ಸುಧಾರಿಸಿದರೆ ಮಿಶ್ರಣ ತೆಳುವಾಗಿದೆ, ಪೆಟ್ರೋಲ್ ಕಡೆ ನೋಡಿ. ಏನೂ ಬದಲಾಗದಿದ್ದರೆ ಕಿಡಿಯದ್ದೇ ತೊಂದರೆ.

ಹೈವೇ65

ಆಯ್ತು, ಡೀಸೆಲ್ ಮಾತು ವಾಪಸ್. ಇದನ್ನು ನೋಡೋಕೆ ಕೂತೆ.

ತೊಗರಿ_ಗಾಡಿ

ರಾತ್ರಿ ಊಟ ಆದ ಮೇಲೆ ಲೈಟೆಲ್ಲ ಆರಿಸಿ ಡಬ್ಬಿ ತೆಗೆದು ಇಂಜಿನ್ ಓಡಿಸಿದೆ. ತಮ್ಮ ಆಕ್ಸಿಲರೇಟರ್ ಒತ್ತಿದ. ಸ್ಪ್ರೇ ಬಾಟಲಿಯಿಂದ ವೈರ್ ಮೇಲೆ ನೀರಿನ ಹನಿ ಮಂಜಿನಂತೆ ಬಿಟ್ಟೆವು. ಕಾಯಿಲ್ ವೈರ್ ಹಿತ್ತಾಳೆ ತುದಿಯ ಹತ್ತಿರ, ಎರಡು ಬೆರಳು ಮೇಲೆ, ನೀಲಿ ಗೆರೆಯೊಂದು ಪಕ್ಕದ ಬ್ರಾಕೆಟ್ಟಿಗೆ ಚಟಚಟ ಅಂತ ಹೊಡೆಯುತ್ತಿತ್ತು. ಹಗಲು ನೋಡಿದರೆ ಅಲ್ಲಿ ಕೂದಲೆಳೆಯಷ್ಟು ಬಿರುಕು, ಸುತ್ತ ಬೂದು ಬಣ್ಣದ ಪುಡಿ. ಸ್ಪೈರಲ್ ಪೈಪಿನ ಸಂದಿಯಲ್ಲೂ ಮಿಣಮಿಣ ಬೆಳಕು ಕಂಡಿತು.

ಚೋಕ್ ಪರೀಕ್ಷೆಯೂ ಮಾಡಿದೆ. ಏನೂ ಬದಲಾಗಲಿಲ್ಲ. ಇನ್ನಷ್ಟು ಉಸಿರುಗಟ್ಟಿದಂತೆ ಆಯ್ತು ಅಷ್ಟೇ.

ಶಹಾಪುರ_ಹತ್ತಿ

ಹಾಗಾದರೆ ಪೆಟ್ರೋಲ್ ಬಚಾವ್.

ಪಾಯಿಂಟ್_ಗ್ಯಾಪ್

ಈಗ ಐದೂ ವೈರ್ ಒಂದೇ ಜಾತಿಯದ್ದು ತನ್ನಿ. 7 ಎಂಎಂ ಸಿಲಿಕಾನ್ ಹೊದಿಕೆ ಇರುವುದು ಸಿಕ್ಕರೆ ಒಳ್ಳೆಯದು, ಶಾಖ ತಡೆಯುತ್ತದೆ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್) ಇರುವ ಹಳೇ ಇಗ್ನಿಷನ್ನಿಗೆ ತಾಮ್ರವಾದರೂ ನಡೆಯುತ್ತದೆ, ಕಾರ್ಬನ್ ಆದರೂ ನಡೆಯುತ್ತದೆ. ತಾಮ್ರದಲ್ಲಿ ರೇಡಿಯೋ ಕರಕರ ಅನ್ನುತ್ತದೆ, ಅಷ್ಟೇ. ಮುಂದೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕುವ ಮನಸ್ಸಿದ್ದರೆ ರೆಸಿಸ್ಟೆನ್ಸ್ ಇರುವ ವೈರೇ ಬೇಕು.

ಒಂದು ವೈರ್ ಬಿಚ್ಚಿ, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಐದನ್ನೂ ಒಟ್ಟಿಗೆ ಕಿತ್ತರೆ ಆರ್ಡರ್ ತಪ್ಪುತ್ತದೆ. ತಪ್ಪಿದ್ದರೆ ನೆನಪಿರಲಿ, ಈ ಇಂಜಿನ್ನಿನ ರೋಟರ್ (ಕ್ಯಾಪ್ ಒಳಗೆ ತಿರುಗುವ ತುಂಡು) ಮೇಲಿಂದ ನೋಡಿದರೆ ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಕ್ಯಾಪಿನಲ್ಲೂ 1-3-4-2 ಉಲ್ಟಾ ದಿಕ್ಕಿಗೇ ಎಣಿಸಬೇಕು. ಕೀಳುವಾಗ ರಬ್ಬರ್ ಬೂಟು ಹಿಡಿದು ತಿರುಚಿ ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ. ಕ್ಯಾಪ್ ಒಳಗೆ ತುದಿ ಪೂರ್ತಿ ಕೂತಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ. 3 ಮತ್ತು 4ರ ನಡುವೆ, 1 ಮತ್ತು 2ರ ನಡುವೆ ಜಾಗ ಬಿಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಬಾರದು.

ಪ್ಲಗ್ ಯಾವುದು ಹಾಕಿದ್ದಾರೆ? ಈ ಇಂಜಿನ್ನಿಗೆ ಚಾಂಪಿಯನ್ ಜೆ8 ಅಥವಾ ಅದಕ್ಕೆ ಸಮನಾದದ್ದು. 14 ಎಂಎಂ ಥ್ರೆಡ್, ಆದರೆ ಕತ್ತು ಗಿಡ್ಡ, 9.5 ಎಂಎಂ ಮಾತ್ರ. ಥ್ರೆಡ್ ಹೊಂದುತ್ತದೆ ಅಂತ ಉದ್ದ ಕತ್ತಿನದ್ದು ಹಾಕಿದರೆ ಒಳಗೆ ಚಾಚಿಕೊಳ್ಳುತ್ತದೆ. ಗ್ಯಾಪ್ 0.030 ಇಂಚು, ನಮ್ಮ ಲೆಕ್ಕದಲ್ಲಿ 0.75 ಎಂಎಂ.

ಕೋಟೆ_ಜೋಂಗಾ (ಬೀದರ್)

ನಡುವೆ ಬಾಯಿ ಹಾಕ್ತೀನಿ. ನನ್ನ ಹತ್ತಿರ ಮಿಲಿಟರಿ ಹರಾಜಿನ ಪೆಟ್ರೋಲ್ ಜೋಂಗಾ (ಸೈನ್ಯದ ಜೀಪಿನಂಥ ಗಾಡಿ) ಇದೆ, ಆರು ಸಿಲಿಂಡರ್. ನನಗೂ ಈ ಪಕ್ಕಪಕ್ಕದ ವೈರಿನ ಕಾಟ ಬರುತ್ತಾ?

ಪಾಯಿಂಟ್_ಗ್ಯಾಪ್

ನಿಮ್ಮದು 1-5-3-6-2-4. ಒಂದರ ಹಿಂದೆ ಒಂದು ಹೊಡೆಯುವ ಎರಡು ಸಿಲಿಂಡರ್ ಅಕ್ಕಪಕ್ಕ ಬರುವುದೇ ಇಲ್ಲ. ಹಾಗಾಗಿ ಭಯ ಕಡಿಮೆ. ಆದರೂ ಆರನ್ನೂ ಕಟ್ಟಿ ಹಗ್ಗ ಮಾಡಬೇಡಿ. ಕ್ಯಾಪಿನ ಹತ್ತಿರ ಎಲ್ಲವೂ ಒಟ್ಟಿಗೇ ಇರುತ್ತವೆ ಅಲ್ವಾ.

ತೊಗರಿ_ಗಾಡಿ

ಸಿಕಂದರಾಬಾದಿನ ರಾಣಿಗಂಜಿಂದ ವೈರ್ ತರಿಸಿ ಹಾಕಿದೆ. ಫಟ್ ಅನ್ನೋದು ನಿಂತೇ ಹೋಯ್ತು! ಸಣ್ಣ ಏರು ಆರಾಮಾಗಿ ಹತ್ತುತ್ತದೆ.

ಆದರೆ ಮೂರನೇ ಗೇರಿನಲ್ಲಿ ಎಳೆದು ಓಡಿಸಿದಾಗ, ಜಾಸ್ತಿ ಆರ್‌ಪಿಎಂನಲ್ಲಿ, ಇನ್ನೂ ತೊದಲುತ್ತದೆ. ಬಿಸಿಯಲ್ಲಿ ಸ್ಟಾರ್ಟರ್ ಒದೆಯುವುದೂ ಇದೆ. ಲೋಡಿನಲ್ಲಿ ಕಟಕಟ ಸದ್ದು.

ಪಾಯಿಂಟ್_ಗ್ಯಾಪ್

ಒದೆತ ಮತ್ತು ಕಟಕಟ, ಎರಡೂ ಟೈಮಿಂಗ್ ಮುಂದಾಗಿದೆ ಅನ್ನುವುದಕ್ಕೆ ಸಾಕ್ಷಿ. ಕಿವಿಯಿಂದ ಇಟ್ಟರೆ ಹೀಗೇ. ಐಡಲಿನಲ್ಲಿ ಮುಂದಕ್ಕೆ ತಿರುಗಿಸಿದಷ್ಟೂ ಇಂಜಿನ್ ಜೋರಾಗಿ ಓಡುತ್ತದೆ, ಮಿಸ್ತ್ರಿಗೆ ಖುಷಿ. ಲೋಡ್ ಬಿದ್ದಾಗ ಅದೇ ಇಂಜಿನ್ ಬಡಿದುಕೊಳ್ಳುತ್ತದೆ.

ಆದರೆ ಟೈಮಿಂಗ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂದೆ. ಚಿಕ್ಕದಾದರೆ ಹಿಂದೆ. ಟೈಮಿಂಗ್ ಮೊದಲು ಇಟ್ಟು ಆಮೇಲೆ ಗ್ಯಾಪ್ ಸರಿಮಾಡಿದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ.

ಕ್ಯಾಪ್ ತೆಗೆಯಿರಿ. ಪಾಯಿಂಟಿನ ಹಿಮ್ಮಡಿ ಕ್ಯಾಮಿನ (ಶಾಫ್ಟ್ ಮೇಲಿನ ನಾಲ್ಕು ಮೂಲೆಯ ತುಂಡು) ಮೂಲೆಯ ಮೇಲೆ ನಿಲ್ಲುವಂತೆ ಇಂಜಿನ್ ತಿರುಗಿಸಿ. ಫೀಲರ್ ಗೇಜಿನಲ್ಲಿ 0.020 ಇಂಚು, ಅಂದರೆ 0.5 ಎಂಎಂ. ಇದು ಮೂಲ ವಿಲ್ಲಿಸ್ ಡಿಸ್ಟ್ರಿಬ್ಯೂಟರಿನ ಲೆಕ್ಕ. ನಿಮ್ಮದು ಬೇರೆ ಕಂಪನಿಯದ್ದಾದರೆ ಅದರ ಲೆಕ್ಕ ಹಿಡಿಯಿರಿ. ಪಾಯಿಂಟಿನಲ್ಲಿ ಗುಂಡಿ ಗುಡ್ಡ ಎದ್ದಿದ್ದರೆ ಉಜ್ಜಿ ಕಾಲ ಕಳೆಯಬೇಡಿ, ಹೊಸದು ಹಾಕಿ, ಜೊತೆಗೆ ಕಂಡೆನ್ಸರ್ ಕೂಡ. ಆಮೇಲೆ ರೋಟರ್ ಕೂರುವ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ತಿರುಗಿಸುವುದಲ್ಲ, ಅಲ್ಲಾಡಿಸುವುದು. ಗ್ಯಾಪ್ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದಾ ಹೇಳಿ.

ತೊಗರಿ_ಗಾಡಿ

ಅಲ್ಲಾಡುತ್ತದೆ! ಒಂದು ಕಡೆ ತಳ್ಳಿದರೆ 0.5ರ ಗೇಜ್ ಹೋಗುವುದೇ ಇಲ್ಲ. ಇನ್ನೊಂದು ಕಡೆ ಎಳೆದರೆ ಸಡಿಲವಾಗಿ ಹೋಗುತ್ತದೆ.

ಪಾಯಿಂಟ್_ಗ್ಯಾಪ್

ಶಾಫ್ಟ್ ಕೂರುವ ಬುಶ್ ಸವೆದಿದೆ. 3000 ಆರ್‌ಪಿಎಂನಲ್ಲಿ ಆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಶಾಫ್ಟ್ ಓಲಾಡುತ್ತಿದ್ದರೆ ಪ್ರತಿ ಸಿಲಿಂಡರಿಗೂ ಬೇರೆ ಗ್ಯಾಪ್, ಬೇರೆ ಟೈಮಿಂಗ್. ನೀವು ಎಷ್ಟು ಸರಿಯಾಗಿ ಇಟ್ಟರೂ ನಿಲ್ಲುವುದಿಲ್ಲ. ಕಪ್ಪು ಮಣ್ಣಿನ ಧೂಳು, ಎಣ್ಣೆ ಕಾಣದ ಶಾಫ್ಟು, ಇನ್ನೇನಾಗುತ್ತದೆ. ಡಿಸ್ಟ್ರಿಬ್ಯೂಟರ್ ಬಿಚ್ಚಿ ಲೇಥಿಗೆ ಒಯ್ಯಿರಿ, ಕಂಚಿನ ಬುಶ್ ತಿರುವಿ ಕೂರಿಸುತ್ತಾರೆ. ಶಾಫ್ಟೇ ಸವೆದಿದ್ದರೆ ಅದಕ್ಕೂ ಕೆಲಸ ಬೇಕು.

ಬಿಚ್ಚುವ ಮೊದಲು ರೋಟರ್ ಎತ್ತ ನೋಡುತ್ತಿದೆ ಅಂತ ಬಾಡಿ ಮೇಲೆ ಗೀಚಿಕೊಳ್ಳಿ. ಬಿಚ್ಚಿದ ಮೇಲೆ ಇಂಜಿನ್ ತಿರುಗಿಸಬೇಡಿ. ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ಓಡಿಸುವುದು ಆಯಿಲ್ ಪಂಪಿನ ಶಾಫ್ಟ್. ಅದರ ತುದಿಯ ಸೀಳು ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಇದೆ. ಹಾಗಾಗಿ ಡಿಸ್ಟ್ರಿಬ್ಯೂಟರ್ ಒಂದೇ ರೀತಿಯಲ್ಲಿ ಕೂರುತ್ತದೆ, ಅದು ನಿಮ್ಮ ಪುಣ್ಯ. ಆಯಿಲ್ ಪಂಪನ್ನು ಮಾತ್ರ ಬಿಚ್ಚಬೇಡಿ. ಒಂದು ಹಲ್ಲು ಆಚೀಚೆ ಆದರೆ ಟೈಮಿಂಗ್ ಎಲ್ಲಿಗೋ ಹೋಗುತ್ತದೆ.

ಕೋಟೆ_ಜೋಂಗಾ

ಇಷ್ಟೆಲ್ಲ ಯಾಕ್ರೀ, ಎಲೆಕ್ಟ್ರಾನಿಕ್ ಕಿಟ್ ಹಾಕಿದರೆ ಪಾಯಿಂಟಿನ ಗೋಳೇ ಇರಲ್ಲ.

ಪಾಯಿಂಟ್_ಗ್ಯಾಪ್

ಕಿಟ್ ಕೆಟ್ಟದ್ದಲ್ಲ. ಆದರೆ ಅದೂ ಇದೇ ಓಲಾಡುವ ಶಾಫ್ಟ್ ಮೇಲೇ ಕೂರಬೇಕು, ಬುಶ್ ಕೆಲಸ ತಪ್ಪುವುದಿಲ್ಲ. ಮಾಡ್ಯೂಲ್ ಕೈಕೊಟ್ಟರೆ ಹೊಲದ ದಾರಿಯಲ್ಲಿ ಏನೂ ಮಾಡಲಾಗಲ್ಲ. ಪಾಯಿಂಟಾದರೆ ಮರಳು ಕಾಗದದ ಚೂರು ಸಾಕು, ಮನೆ ಮುಟ್ಟಿಸುತ್ತದೆ. ಹೊಲಕ್ಕೆ ಹೋಗುವ ಗಾಡಿಗೆ ನನ್ನ ಓಟು ಪಾಯಿಂಟಿಗೇ.

ಕೋಟೆ_ಜೋಂಗಾ

ನನ್ನ ಓಟು ಕಿಟ್ಟಿಗೇ ಇರಲಿ. ನಾನು ಹೊಲಕ್ಕೆ ಹೋಗಲ್ಲ.

ತೊಗರಿ_ಗಾಡಿ

ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಲೇಥಿನಲ್ಲಿ ಬುಶ್ ಮಾಡಿಸಿದೆ. ಶಾಫ್ಟ್ ಈಗ ಅಲ್ಲಾಡುವುದಿಲ್ಲ. ಹೊಸ ಪಾಯಿಂಟ್, ಹೊಸ ಕಂಡೆನ್ಸರ್, ಗ್ಯಾಪ್ ಇಟ್ಟಾಯ್ತು. ನನ್ನ ಹತ್ತಿರ ಟೈಮಿಂಗ್ ಲೈಟ್ ಇಲ್ಲ. ಹೇಗೆ ಇಡಲಿ?

ಪಾಯಿಂಟ್_ಗ್ಯಾಪ್

12 ವೋಲ್ಟಿನ ಒಂದು ಇಂಡಿಕೇಟರ್ ಬಲ್ಬ್, ಎರಡು ತುಂಡು ವೈರ್ ಸಾಕು.

ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಇಟ್ಟು ಇಂಜಿನ್ನನ್ನು ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಕಂಪ್ರೆಷನ್ ಬರುತ್ತಿದೆ. ನಿಧಾನಕ್ಕೆ ತಿರುಗಿಸಿ ಟೈಮಿಂಗ್ ಗುರುತು ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) 5 ಡಿಗ್ರಿ ಮೊದಲು ನಿಲ್ಲಿಸಿ. ದಾಟಿ ಹೋದರೆ ಗುರುತಿನವರೆಗೆ ಮಾತ್ರ ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಡಿ. ಗೇರುಗಳ ಸಡಿಲು ಸೇರಿಕೊಳ್ಳುತ್ತದೆ. ಗುರುತಿಗಿಂತ ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ರೋಟರ್ ಕ್ಯಾಪಿನ ಒಂದನೇ ವೈರಿನ ಕಡೆ ನೋಡುತ್ತಿರಬೇಕು.

ಬಲ್ಬಿನ ಒಂದು ತುದಿ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ವೈರಿನ ಸ್ಕ್ರೂಗೆ, ಇನ್ನೊಂದು ಬಾಡಿ ಅರ್ತಿಗೆ. ಇಗ್ನಿಷನ್ ಆನ್ ಮಾಡಿ. ಡಿಸ್ಟ್ರಿಬ್ಯೂಟರ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಬಾಡಿಯನ್ನು ರೋಟರ್ ತಿರುಗುವ ದಿಕ್ಕಿಗೆ, ಅಂದರೆ ಗಡಿಯಾರದ ಉಲ್ಟಾ ತಿರುಗಿಸಿ. ಬಲ್ಬ್ ಆರುತ್ತದೆ, ಪಾಯಿಂಟ್ ಮುಚ್ಚಿತು. ಈಗ ಗಡಿಯಾರದ ದಿಕ್ಕಿಗೆ ಕೂದಲೆಳೆಯಷ್ಟೇ ನಿಧಾನವಾಗಿ ತಿರುಗಿಸುತ್ತಾ ಬನ್ನಿ. ಬಲ್ಬ್ ಹೊತ್ತಿದ ಆ ಕ್ಷಣ ನಿಲ್ಲಿಸಿ. ಪಾಯಿಂಟ್ ತೆರೆದದ್ದು ಅಲ್ಲೇ, ಕಿಡಿ ಹಾರುವುದೂ ಅಲ್ಲೇ. ಬೋಲ್ಟ್ ಬಿಗಿ ಮಾಡಿ, ಇನ್ನೊಮ್ಮೆ ಸುತ್ತು ತಿರುಗಿಸಿ ಬಲ್ಬ್ ಅದೇ ಗುರುತಿಗೆ ಹೊತ್ತುತ್ತದಾ ನೋಡಿ. ಇಗ್ನಿಷನ್ ಆನ್ ಇಟ್ಟು ಚಹಾ ಕುಡಿಯಲು ಹೋಗಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಬಿಸಿಯಾಗುತ್ತದೆ.

ಶಹಾಪುರ_ಹತ್ತಿ

ಕಾಯಿಲಿನ ಪ್ಲಸ್ ಮೈನಸ್ ಉಲ್ಟಾ ಆಗಿದ್ದರೂ ಗಾಡಿ ಓಡುತ್ತೆ ಅಂತ ಕೇಳಿದ್ದೆ. ಹೌದಾ?

ಪಾಯಿಂಟ್_ಗ್ಯಾಪ್

ಓಡುತ್ತದೆ, ಅದಕ್ಕೇ ಯಾರೂ ಗಮನಿಸಲ್ಲ. ಆದರೆ ಅದೇ ಕಿಡಿಗೆ ವೋಲ್ಟೇಜ್ ಜಾಸ್ತಿ ಬೇಕಾಗುತ್ತದೆ, ಲೋಡಿನಲ್ಲಿ ಸೋಲುತ್ತದೆ. ಬ್ಯಾಟರಿಯ ಮೈನಸ್ ಅರ್ತ್ ಇರುವ ಗಾಡಿಯಲ್ಲಿ ಕಾಯಿಲಿನ ಮೈನಸ್ ಡಿಸ್ಟ್ರಿಬ್ಯೂಟರ್ ಕಡೆ ಇರಬೇಕು. ಅಕ್ಷರ ಅಳಿಸಿ ಹೋಗಿದ್ದರೆ ಪೆನ್ಸಿಲ್ ಪರೀಕ್ಷೆ ಮಾಡಿ. ಪ್ಲಗ್ ವೈರನ್ನು ಪ್ಲಗ್ಗಿನಿಂದ ಸ್ವಲ್ಪ ದೂರ ಹಿಡಿದು, ನಡುವೆ ಚೂಪಾದ ಪೆನ್ಸಿಲ್ ಮೊನೆ ಇಡಿ. ಕಿಡಿಯ ಕಿತ್ತಳೆ ಬಣ್ಣದ ಜ್ವಾಲೆ ಮೊನೆಯಿಂದ ಪ್ಲಗ್ ಕಡೆಗೆ ಚೆಲ್ಲಿದರೆ ಸರಿ. ವೈರ್ ಕಡೆಗೆ ಚೆಲ್ಲಿದರೆ ಉಲ್ಟಾ. ಬರಿಗೈಯಲ್ಲಿ ಮಾಡಬೇಡಿ, ಮರದ ಬಟ್ಟೆ ಕ್ಲಿಪ್ಪಿನಿಂದ ಹಿಡಿಯಿರಿ. 15,000ದಿಂದ 20,000 ವೋಲ್ಟ್ ಅದು, ಹೊಡೆದರೆ ಕೈ ಜುಮ್ಮೆನ್ನುವುದಕ್ಕಿಂತ ಬೆಚ್ಚಿ ಫ್ಯಾನಿಗೆ ಕೈ ಕೊಡುವ ಅಪಾಯ ದೊಡ್ಡದು.

ತೊಗರಿ_ಗಾಡಿ

ಬಲ್ಬ್ ಇಟ್ಟು ಟೈಮಿಂಗ್ ಮಾಡಿದೆ. ಗ್ಯಾರೇಜಿನವರು ಇಟ್ಟಿದ್ದ ಜಾಗಕ್ಕೂ ಇದಕ್ಕೂ ಬಾಡಿ ಮೇಲೆ ಒಂದು ಬೆರಳಿನಷ್ಟು ವ್ಯತ್ಯಾಸ! ಕಾಯಿಲ್ ಸರಿಯಾಗೇ ಇತ್ತು.

ಇಂದು ಚೀಲ ಹಾಕಿ ಕಮಲಾಪುರ ದಾಟಿ ಹೋಗಿ ಬಂದೆ. ಮಿಸ್ಸಿಂಗ್ ಇಲ್ಲ, ಕಟಕಟ ಇಲ್ಲ. ಬಿಸಿಯಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೂ ಒದೆಯಲಿಲ್ಲ. ಮೈಲೇಜ್ ಮಾತ್ರ ಅಷ್ಟಕ್ಕಷ್ಟೇ, ಅದನ್ನು ಕೇಳಬೇಡಿ. ಒಂದನೇ ಪ್ಲಗ್ ತೆಗೆದು ನೋಡಿದೆ, ತಿಳಿ ಕಂದು ಬಣ್ಣ. ನಾಲ್ಕನೆಯದು ಸ್ವಲ್ಪ ಕಪ್ಪು, ಒಣ ಮಸಿ.

ಪಾಯಿಂಟ್_ಗ್ಯಾಪ್

ಒಣ ಮಸಿ ಆದರೆ ಹಳೇ ಮಿಸ್ಸಿಂಗಿನದ್ದೇ ಇರಬಹುದು, ಸುಟ್ಟು ಹೋಗುತ್ತದೆ. ಎಣ್ಣೆ ಎಣ್ಣೆಯಾಗಿ ಒದ್ದೆ ಇದ್ದರೆ ಹೇಳಿ, ಅದು ಪಿಸ್ಟನ್ ರಿಂಗಿನ ಕಥೆ.

ಹೊಸ ಪಾಯಿಂಟಿನ ಹಿಮ್ಮಡಿ ಮೊದಮೊದಲು ಬೇಗ ಸವೆಯುತ್ತದೆ, ಗ್ಯಾಪ್ ಚಿಕ್ಕದಾಗುತ್ತದೆ. ಕ್ಯಾಮಿಗೆ ಸಾಸಿವೆ ಕಾಳಷ್ಟು ಗ್ರೀಸ್ ಹಚ್ಚಿ. ಜಾಸ್ತಿ ಹಚ್ಚಿದರೆ ಸಿಡಿದು ಪಾಯಿಂಟಿಗೇ ಬೀಳುತ್ತದೆ. ರೋಟರ್ ಕೆಳಗಿನ ಬತ್ತಿಗೆ ಒಂದೆರಡು ಹನಿ ಇಂಜಿನ್ ಆಯಿಲ್. ಸುಗ್ಗಿ ಶುರುವಾಗುವ ಮೊದಲು ಗ್ಯಾಪನ್ನೂ ಬಲ್ಬನ್ನೂ ಒಮ್ಮೆ ನೋಡಿಬಿಡಿ.

ಹೈವೇ65

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಪೆಟ್ರೋಲ್ ಜೀಪಿದೆ, ಡೀಸೆಲ್ ಮಾಡಿಸೋಣ ಅಂತಿದ್ದರು. ಇದೇ ಇಂಜಿನ್. ಶಾಫ್ಟ್ ಅಲ್ಲಾಡಿಸಿ ನೋಡಿ ನಾಳೆ ಬರೆಯುತ್ತೇನೆ.